ಚಿಲ್ಲರೆ ಅಂಕಿಗಳ ದೊಡ್ಡ ಲೆಕ್ಕ: ‘ರೌಂಡ್ ಆಫ್’ ಮಾಡುವ ಕ್ರಮ ಮತ್ತು ಎಚ್ಚರ



ನಮ್ಮ ಬಿಲ್ಲು, ಲೆಡ್ಜರ್, ದರಪಟ್ಟಿ, ತೆರಿಗೆ ನಮೂನೆಗಳಲ್ಲಿ ದಿನವೂ ನಡೆಯುವ, ಆದರೆ ಯಾರೂ ಕುಳಿತು ಯೋಚಿಸದ ಕ್ರಿಯೆಯೊಂದಿದೆ. ಅದೇ ಅಂಕಿಗಳನ್ನು ರೌಂಡ್ ಆಫ್ ಮಾಡುವುದು, ಅಂದರೆ ಉದ್ದನೆಯ ಸಂಖ್ಯೆಯನ್ನು ಬೇಕಾದ ಸ್ಥಾನದವರೆಗೆ ಮಾತ್ರ ಉಳಿಸಿಕೊಂಡು ಸಮೀಪದ ಅಂಕಿಗೆ ತರುವುದು. ಶಾಲೆಯ ಐದನೆಯ ತರಗತಿಯಲ್ಲಿ ಕಲಿತ ಪಾಠವನ್ನು ವ್ಯಾಪಾರಸ್ಥರಿಗೆ ಮತ್ತೆ ಹೇಳುವ ಅಗತ್ಯವೇನು ಎಂದು ಕೆಲವರು ಕೇಳಬಹುದು. ಅಗತ್ಯವಿದೆ ಎಂಬುದನ್ನು ನನ್ನ ವೃತ್ತಿಜೀವನದ ಒಂದು ಪ್ರಸಂಗದಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಹೊಳೆನರಸೀಪುರದ ಕಡೆಯ ಅಕ್ಕಿ ಗಿರಣಿಯೊಂದರ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದೆ. ಗಿರಣಿಯಲ್ಲಿ ಆ ಅವಧಿಗೆ 1,250 ಕ್ವಿಂಟಾಲ್ ಭತ್ತ ಅರೆಯಲಾಗಿತ್ತು. ನಿಜವಾಗಿ ದೊರೆತ ಅಕ್ಕಿ ಶೇಕಡ 66.6, ಅಂದರೆ 832.5 ಕ್ವಿಂಟಾಲ್. ಆದರೆ ಗುಮಾಸ್ತರು ದಾಸ್ತಾನು ಪುಸ್ತಕದಲ್ಲಿ ಇಳುವರಿಯನ್ನು ‘ಶೇ. 67’ ಎಂದು ಬರೆದು, ಅದೇ ದರದಿಂದ ಗುಣಿಸಿ 837.5 ಕ್ವಿಂಟಾಲ್ ಎಂದು ದಾಖಲಿಸಿದ್ದರು. ಪುಸ್ತಕಕ್ಕೂ ಗೋದಾಮಿಗೂ 5 ಕ್ವಿಂಟಾಲ್ ಅಂತರ. ತನಿಖೆಗೆ ಬಂದ ಅಧಿಕಾರಿಯ ಕಣ್ಣಿಗೆ ಅದು ‘ಬಿಲ್ಲಿಲ್ಲದೆ ಮಾರಾಟವಾದ ಸರಕು’ ಎಂದೇ ಕಂಡಿತು. ಮಾಲೀಕರು ಒಂದು ಸೇರು ಅಕ್ಕಿಯನ್ನೂ ಮರೆಮಾಚಿರಲಿಲ್ಲ. ಅವರ ತಪ್ಪು ಒಂದೇ: ಒಂದು ದಶಮಾಂಶ ಸ್ಥಾನವನ್ನು ಅದು ಇರಬೇಕಾದಲ್ಲಿ ಉಳಿಸಿಕೊಳ್ಳಲಿಲ್ಲ. ಅರೆದ ದಿನಗಳ ತೂಕದ ಚೀಟಿಗಳನ್ನೆಲ್ಲ ಹುಡುಕಿ ತೆಗೆದು ವಿವರಣೆ ನೀಡುವಷ್ಟರಲ್ಲಿ ಎರಡು ತಿಂಗಳು ಕಳೆದವು.

ಆದ್ದರಿಂದ ಈ ಸಂಚಿಕೆಯಲ್ಲಿ ಮೂಲ ನಿಯಮದಿಂದ ಆರಂಭಿಸಿ, ಕಾನೂನು ಏನು ಹೇಳುತ್ತದೆ, ವ್ಯವಹಾರದಲ್ಲಿ ಎಲ್ಲಿ ಎಡವುತ್ತೇವೆ ಎಂಬುದನ್ನು ಕ್ರಮವಾಗಿ ನೋಡೋಣ.

1. ಮೂಲ ನಿಯಮ

ರೌಂಡ್ ಆಫ್ ಮಾಡುವ ಮುನ್ನ ಯಾವ ಸ್ಥಾನದವರೆಗೆ ಎಂಬುದನ್ನು ನಿರ್ಧರಿಸಬೇಕು. ಆ ಸ್ಥಾನದ ಬಲಕ್ಕಿರುವ ಮೊದಲ ಅಂಕಿಯನ್ನು ಮಾತ್ರ ನೋಡಬೇಕು. ಅದು 0ಯಿಂದ 4ರವರೆಗೆ ಇದ್ದರೆ ಉಳಿಸಿಕೊಂಡ ಅಂಕಿಯನ್ನು ಹಾಗೆಯೇ ಬಿಡಬೇಕು. 5ರಿಂದ 9ರವರೆಗೆ ಇದ್ದರೆ ಒಂದನ್ನು ಕೂಡಿಸಬೇಕು. ಪೂರ್ಣಾಂಕ ಭಾಗದಲ್ಲಾದರೆ ಬಲಗಡೆಯ ಸ್ಥಾನಗಳಿಗೆ ಸೊನ್ನೆ ಹಾಕಬೇಕು. ದಶಮಾಂಶ ಭಾಗದಲ್ಲಾದರೆ ಬಲಗಡೆಯ ಅಂಕಿಗಳನ್ನು ಕೈಬಿಡಬೇಕು.

ನಮ್ಮ ಜಿಲ್ಲೆಯದೇ ಅಂಕಿಯನ್ನು ತೆಗೆದುಕೊಳ್ಳೋಣ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421.

ಸಮೀಪದ ಹತ್ತಕ್ಕೆ: 17,76,420
ಸಮೀಪದ ನೂರಕ್ಕೆ: 17,76,400
ಸಮೀಪದ ಸಾವಿರಕ್ಕೆ: 17,76,000
ಸಮೀಪದ ಹತ್ತು ಸಾವಿರಕ್ಕೆ: 17,80,000
ಸಮೀಪದ ಲಕ್ಷಕ್ಕೆ: 18,00,000

ಐದೂ ಉತ್ತರಗಳು ಸರಿಯೇ. ಯಾವುದು ಬೇಕು ಎಂಬುದು ಉದ್ದೇಶವನ್ನು ಅವಲಂಬಿಸಿದೆ. ಭಾಷಣಕ್ಕೆ ‘18 ಲಕ್ಷ’ ಸಾಕು. ಮಾರುಕಟ್ಟೆಯ ಸಮೀಕ್ಷೆಗೆ 17.8 ಲಕ್ಷ ಬೇಕಾಗಬಹುದು.

ದಶಮಾಂಶಕ್ಕೆ ಗೊರೂರಿನ ಹೇಮಾವತಿ ಜಲಾಶಯವನ್ನು ನೋಡಿ. ಅದರ ಪೂರ್ಣ ಸಾಮರ್ಥ್ಯ 37.103 ಟಿ.ಎಂ.ಸಿ. ಎರಡು ದಶಮಾಂಶ ಸ್ಥಾನಕ್ಕೆ 37.10, ಒಂದು ಸ್ಥಾನಕ್ಕೆ 37.1, ಪೂರ್ಣಾಂಕಕ್ಕೆ 37. ಇಲ್ಲಿ 37.10 ಎಂಬುದಕ್ಕೂ 37.1 ಎಂಬುದಕ್ಕೂ ಬೆಲೆಯಲ್ಲಿ ವ್ಯತ್ಯಾಸವಿಲ್ಲ, ಭರವಸೆಯಲ್ಲಿ ಇದೆ. ಕೊನೆಯ ಸೊನ್ನೆಯು ‘ನೂರನೆಯ ಒಂದು ಭಾಗದವರೆಗೆ ಅಳೆದು ನೋಡಿದ್ದೇವೆ’ ಎಂದು ಸಾರುತ್ತದೆ. ಅಳೆಯದೆ ಆ ಸೊನ್ನೆಯನ್ನು ಬರೆಯಬಾರದು.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯ ಎತ್ತರವನ್ನು ಸಾಮಾನ್ಯವಾಗಿ 57 ಅಡಿ ಎನ್ನುತ್ತೇವೆ. ಇದನ್ನು 0.3048ರಿಂದ ಗುಣಿಸಿದರೆ 17.3736 ಮೀಟರ್ ಬರುತ್ತದೆ. ಹಾಗೆಯೇ ಬರೆದರೆ ಮೂರ್ತಿಯನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಅಳೆದಂತಾಯಿತು! ಮೂಲ ಅಳತೆ ಅಡಿಯ ಲೆಕ್ಕದಲ್ಲಿದ್ದಾಗ 17.4 ಮೀಟರ್ ಎಂದರೆ ಸಾಕು. ಕ್ಯಾಲ್ಕುಲೇಟರ್ ಎಂಟು ಅಂಕಿ ತೋರಿಸಿತೆಂದು ಎಂಟನ್ನೂ ದರಪಟ್ಟಿಯಲ್ಲಿ ಬರೆಯುವವರು ಇದನ್ನು ನೆನಪಿಡಬೇಕು.

2. ಸರಿಯಾಗಿ ಅರ್ಧ ಬಂದಾಗ

2.5 ಎಂಬುದು 2ಕ್ಕೂ 3ಕ್ಕೂ ಸಮದೂರದಲ್ಲಿದೆ. ಅದನ್ನು ಮೇಲಕ್ಕೆ ಏರಿಸುವುದು ರೂಢಿಯೇ ಹೊರತು ಗಣಿತದ ಅನಿವಾರ್ಯತೆಯಲ್ಲ. ರೂಢಿ ಬೇರೆ ಬೇರೆ ಇರಬಹುದೆಂಬುದಕ್ಕೆ ನಮ್ಮ ದೇಶದ ನಾಣ್ಯದ ಇತಿಹಾಸವೇ ಸಾಕ್ಷಿ.

ಭಾರತೀಯ ನಾಣ್ಯ (ತಿದ್ದುಪಡಿ) ಕಾಯಿದೆ, 1955ರ ಅನ್ವಯ 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಿತು. ಅದುವರೆಗೆ ರೂಪಾಯಿಗೆ 16 ಆಣೆ, 64 ಕಾಸು, 192 ಪೈ. ಅಂದಿನಿಂದ ರೂಪಾಯಿಗೆ 100 ನಯಾ ಪೈಸೆ. (‘ನಯಾ’ ಎಂಬ ವಿಶೇಷಣ 1964ರ ಜೂನ್ 1ರಂದು ಬಿಟ್ಟುಹೋಯಿತು.) ಹಳೆಯ, ಹೊಸ ನಾಣ್ಯಗಳು ಕೆಲವು ಕಾಲ ಜೊತೆಯಲ್ಲೇ ಚಲಾವಣೆಯಲ್ಲಿದ್ದವು. ಒಂದು ಆಣೆ ಎಂದರೆ ಸರಿಯಾಗಿ 6.25 ನಯಾ ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಆದ್ದರಿಂದ ಸರ್ಕಾರವು ಪರಿವರ್ತನೆಯ ಕೋಷ್ಟಕ ಹೊರಡಿಸಿತು: 1 ಆಣೆಗೆ 6, 2 ಆಣೆಗೆ 12, 3 ಆಣೆಗೆ 19, 4 ಆಣೆಗೆ 25, 5 ಆಣೆಗೆ 31, 6 ಆಣೆಗೆ 37, 7 ಆಣೆಗೆ 44, 8 ಆಣೆಗೆ 50 ನಯಾ ಪೈಸೆ, ಹೀಗೆ.

ಗಮನಿಸಿ: 2 ಆಣೆ ಎಂದರೆ 12.5, ಕೋಷ್ಟಕ 12 ಎಂದಿತು. 6 ಆಣೆ ಎಂದರೆ 37.5, ಕೋಷ್ಟಕ 37 ಎಂದಿತು. ಅಂದರೆ ಅಂದು ಅರ್ಧವನ್ನು ಕೆಳಕ್ಕೆ ಇಳಿಸಲಾಯಿತು, ಇಂದು ನಾವು ಏರಿಸುತ್ತೇವೆ.

ಇದರ ಪರಿಣಾಮವೂ ಸ್ವಾರಸ್ಯಕರವಾಗಿದೆ. ಒಂದಾಣೆಯ ಸರಕನ್ನು ಹದಿನಾರು ಗಿರಾಕಿಗಳಿಗೆ ಬೇರೆ ಬೇರೆಯಾಗಿ ಮಾರಿ, ಪ್ರತಿಯೊಬ್ಬರಿಂದಲೂ 6 ನಯಾ ಪೈಸೆ ಪಡೆದ ಅಂಗಡಿಯವನಿಗೆ ದೊರೆತದ್ದು 96 ನಯಾ ಪೈಸೆ, ಬರಬೇಕಾದದ್ದು 100. ಶೇಕಡ ನಾಲ್ಕು ನಷ್ಟ. ಮೂರಾಣೆಯ ಸರಕನ್ನು ಹಾಗೆಯೇ ಹದಿನಾರು ಮಂದಿಗೆ ಮಾರಿದವನಿಗೆ 304 ನಯಾ ಪೈಸೆ, ಬರಬೇಕಾದದ್ದು 300. ಒಂದೇ ಬೀದಿಯಲ್ಲಿ, ಒಂದೇ ಕೋಷ್ಟಕದಡಿ, ಒಬ್ಬನಿಗೆ ನಷ್ಟ, ಇನ್ನೊಬ್ಬನಿಗೆ ಲಾಭ! ನಮ್ಮ ತಂದೆಯವರ ಪೀಳಿಗೆಯ ವರ್ತಕರು ಚಿಲ್ಲರೆಯ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದುದರ ಕಾರಣ ಇಂಥ ಅನುಭವವೇ ಇರಬೇಕು.

ಅರ್ಧವನ್ನು ಯಾವಾಗಲೂ ಏರಿಸಿದರೂ ಮೊತ್ತವು ಒಂದು ಕಡೆಗೆ ವಾಲುತ್ತದೆ. 2.5, 3.5, 4.5, 5.5 ಇವುಗಳ ನಿಜವಾದ ಮೊತ್ತ 16. ಎಲ್ಲವನ್ನೂ ಏರಿಸಿದರೆ 3, 4, 5, 6, ಮೊತ್ತ 18. ಇದನ್ನು ತಪ್ಪಿಸಲೆಂದೇ ಭಾರತೀಯ ಮಾನಕ ‘ಐ.ಎಸ್. 2’ (1960ರ ಪರಿಷ್ಕರಣೆ) ಬೇರೊಂದು ಕ್ರಮವನ್ನು ವಿಧಿಸಿತು: ಸರಿಯಾಗಿ ಅರ್ಧ ಬಂದಾಗ ಉಳಿಸಿಕೊಳ್ಳುವ ಅಂಕಿ ಬೆಸವಾಗಿದ್ದರೆ ಒಂದು ಕೂಡಿಸಬೇಕು, ಸಮವಾಗಿದ್ದರೆ ಹಾಗೆಯೇ ಬಿಡಬೇಕು. ಆಗ ಮೇಲಿನ ನಾಲ್ಕು ಅಂಕಿಗಳು 2, 4, 4, 6 ಆಗುತ್ತವೆ, ಮೊತ್ತ 16. ಯಂತ್ರದ ಬಿಡಿಭಾಗ, ಪರೀಕ್ಷಾ ವರದಿ, ಅಳತೆಯ ಪ್ರಮಾಣಪತ್ರ ನೀಡುವ ಸಣ್ಣ ತಯಾರಕರು ಖರೀದಿದಾರರ ಕರಾರಿನಲ್ಲಿ ‘ಐ.ಎಸ್. 2ರ ಪ್ರಕಾರ’ ಎಂದಿದ್ದರೆ ಈ ಕ್ರಮವನ್ನೇ ಅನುಸರಿಸಬೇಕು. ತೆರಿಗೆಯ ಲೆಕ್ಕಕ್ಕೆ ಮಾತ್ರ ಇದು ಸಲ್ಲದು. ಅಲ್ಲಿ ಕಾಯಿದೆಯ ಮಾತೇ ಅಂತಿಮ.

3. ಕತ್ತರಿಸುವುದು ಬೇರೆ, ಸಮೀಪಕ್ಕೆ ತರುವುದು ಬೇರೆ

ಬಲಗಡೆಯ ಅಂಕಿಗಳನ್ನು ನೋಡದೆಯೇ ಕತ್ತರಿಸಿಬಿಡುವುದನ್ನು ಕೆಲವರು ರೌಂಡ್ ಆಫ್ ಎಂದು ತಿಳಿದಿದ್ದಾರೆ. 49 ಕೆ.ಜಿ. 850 ಗ್ರಾಂ ಇದ್ದುದನ್ನು 49 ಎಂದು ಬರೆಯುವುದು ಈ ಬಗೆಯದು. ನಿಜವಾದ ಸಮೀಪದ ಅಂಕಿ 50.

ಸಮೀಪಕ್ಕೆ ತರುವಾಗ ಕೆಲವು ಏರುತ್ತವೆ, ಕೆಲವು ಇಳಿಯುತ್ತವೆ. ಬಹಳ ನಮೂದುಗಳಿದ್ದಾಗ ತಪ್ಪುಗಳು ಪರಸ್ಪರ ಹೆಚ್ಚುಕಡಿಮೆ ವಜಾ ಆಗುತ್ತವೆ. ಕತ್ತರಿಸುವಾಗ ಎಲ್ಲವೂ ಕೆಳಕ್ಕೇ ಹೋಗುತ್ತವೆ. ತಪ್ಪು ಬೆಳೆಯುತ್ತಲೇ ಇರುತ್ತದೆ. ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರದಲ್ಲಿ ನಡೆದುದು ಇದಕ್ಕೆ ಪ್ರಸಿದ್ಧ ನಿದರ್ಶನ. 1982ರ ಜನವರಿಯಲ್ಲಿ 1000.000ದಿಂದ ಆರಂಭವಾದ ಅಲ್ಲಿನ ಸೂಚ್ಯಂಕವನ್ನು ದಿನಕ್ಕೆ ಸಾವಿರಾರು ಬಾರಿ ಗಣಕಯಂತ್ರ ಮರುಲೆಕ್ಕ ಮಾಡುತ್ತಿತ್ತು; ಪ್ರತಿ ಬಾರಿಯೂ ಮೂರು ದಶಮಾಂಶ ಸ್ಥಾನಗಳ ಮುಂದಿನದನ್ನು ಕತ್ತರಿಸುತ್ತಿತ್ತು. 1983ರ ನವೆಂಬರ್ ವೇಳೆಗೆ ಸೂಚ್ಯಂಕ 524.811ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಬಂದ ಅಂಕಿ 1098.892! ಸಾವಿರದಲ್ಲೊಂದು ಅಂಶಕ್ಕಿಂತ ಚಿಕ್ಕದಾದ ಕತ್ತರಿಕೆಯು ಎರಡು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಸೂಚ್ಯಂಕದ ಅರ್ಧಕ್ಕಿಂತ ಹೆಚ್ಚನ್ನು ನುಂಗಿತ್ತು.

ಇದನ್ನು ನಮ್ಮ ಕೊಬ್ಬರಿ ವ್ಯಾಪಾರಕ್ಕೆ ಅನ್ವಯಿಸಿ. ಚನ್ನರಾಯಪಟ್ಟಣದಲ್ಲಿ ಒಂದು ಹಂಗಾಮಿನಲ್ಲಿ 400 ಚೀಲ ಕೊಬ್ಬರಿ ತೂಗಲಾಯಿತು ಎಂದಿಟ್ಟುಕೊಳ್ಳೋಣ. ಪ್ರತಿ ಚೀಲದಲ್ಲೂ ಕೆ.ಜಿ.ಯ ಮೇಲಿನ ಗ್ರಾಂಗಳನ್ನು ಬಿಟ್ಟರೆ ಚೀಲಕ್ಕೆ ಸರಾಸರಿ ಅರ್ಧ ಕೆ.ಜಿ., ಒಟ್ಟು ಸುಮಾರು 200 ಕೆ.ಜಿ. ಲೆಕ್ಕಕ್ಕೆ ಕೆ.ಜಿ.ಗೆ 150 ರೂ. ಹಿಡಿದರೂ 30,000 ರೂ. ಇದು ರೈತನಿಂದ ಕೊಳ್ಳುವಾಗ ಬಿಟ್ಟದ್ದಾದರೆ ರೈತನಿಗೆ ಅನ್ಯಾಯ. ಗಿರಾಕಿಗೆ ಮಾರುವಾಗ ಬಿಟ್ಟದ್ದಾದರೆ ತನಗೇ ನಷ್ಟ. ಇಂದು ವಿದ್ಯುನ್ಮಾನ ತಕ್ಕಡಿಗಳು ಗ್ರಾಂಗಳನ್ನು ಸ್ಪಷ್ಟವಾಗಿ ತೋರಿಸುವಾಗ ಎರಡಕ್ಕೂ ಸಮರ್ಥನೆ ಇಲ್ಲ. ಚೀಲವಾರು ತೂಕವನ್ನು ತೋರಿದಂತೆಯೇ ಬರೆದು, ಬೇಕಿದ್ದರೆ ಒಟ್ಟು ತೂಕವನ್ನು ಒಮ್ಮೆ ಮಾತ್ರ ಸಮೀಪಕ್ಕೆ ತರುವುದು ನ್ಯಾಯವಾದ ಮಾರ್ಗ.

4. ಒಮ್ಮೆ ಮಾತ್ರ, ಅದೂ ಕೊನೆಯಲ್ಲಿ

ಎರಡು ಹಂತಗಳಲ್ಲಿ ರೌಂಡ್ ಆಫ್ ಮಾಡುವುದು ತಪ್ಪು. 2.4498ನ್ನು ಮೊದಲು 2.45, ಅನಂತರ 2.5, ಅನಂತರ 3 ಎಂದು ಏರಿಸಿದರೆ ಉತ್ತರ 3. ಒಂದೇ ಹಂತದಲ್ಲಿ ಪೂರ್ಣಾಂಕಕ್ಕೆ ತಂದರೆ ಉತ್ತರ 2. ಎರಡನೆಯದೇ ಸರಿ.

ಅದೇ ರೀತಿ ಲೆಕ್ಕದ ನಡುವಿನ ಹಂತಗಳಲ್ಲಿ ಅಂಕಿಗಳನ್ನು ಮೊಟಕುಗೊಳಿಸಬಾರದು. ಹಾಸನದ ಕಿರು ಉದ್ಯಮಿಯೊಬ್ಬರು ಕಾಗದದ ಸಣ್ಣ ಪೆಟ್ಟಿಗೆಗಳ ಸರಬರಾಜಿಗೆ ದರ ನಮೂದಿಸಿದ ಬಗೆಯನ್ನು ನೋಡಿ. (ಅಂಕಿಗಳನ್ನು ವಿವರಣೆಯ ಅನುಕೂಲಕ್ಕಾಗಿ ಸರಳಗೊಳಿಸಿದ್ದೇನೆ.) ಒಂದು ಪೆಟ್ಟಿಗೆಯ ವೆಚ್ಚ:

ಕಾಗದ: ನಿಜವಾದ ವೆಚ್ಚ ರೂ. 0.4449, ಬರೆದದ್ದು 0.44
ಮುದ್ರಣ: 0.2348, ಬರೆದದ್ದು 0.23
ಕೂಲಿ: 0.1046, ಬರೆದದ್ದು 0.10
ಪ್ಯಾಕಿಂಗ್ ಮತ್ತು ಸಾಗಣೆ: 0.0849, ಬರೆದದ್ದು 0.08
ಒಟ್ಟು: 0.8692; ಬರೆದದ್ದು 0.85

ಪೆಟ್ಟಿಗೆಗೆ 3 ಪೈಸೆ ಲಾಭವಿಟ್ಟು 88 ಪೈಸೆ ದರ ಕೊಟ್ಟರು. 5 ಲಕ್ಷ ಪೆಟ್ಟಿಗೆಗಳಿಗೆ 15,000 ರೂ. ಲಾಭ ಬರುವುದೆಂಬ ನಂಬಿಕೆ. ನಿಜವಾಗಿ ಉಳಿದದ್ದು ಪೆಟ್ಟಿಗೆಗೆ 1.08 ಪೈಸೆ, ಒಟ್ಟು 5,400 ರೂ. ಮಿಕ್ಕ 9,600 ರೂ. ನಾಲ್ಕು ಸಾಲುಗಳ ಮೂರನೆಯ, ನಾಲ್ಕನೆಯ ದಶಮಾಂಶಗಳಲ್ಲಿ ಕರಗಿಹೋಯಿತು. ಯಾರೂ ಕದಿಯಲಿಲ್ಲ, ಯಾವ ಯಂತ್ರವೂ ಕೆಡಲಿಲ್ಲ. ನಾಲ್ಕೂ ಸಾಲುಗಳು ಒಂದೇ ಕಡೆಗೆ, ಅಂದರೆ ಕೆಳಕ್ಕೆ, ಇಳಿದದ್ದೇ ಕಾರಣ. ಒಟ್ಟು ಮೊತ್ತವನ್ನು ಮಾತ್ರ ಕೊನೆಯಲ್ಲಿ ಸಮೀಪಕ್ಕೆ ತಂದಿದ್ದರೆ 87 ಪೈಸೆ ಎಂದು ತಿಳಿಯುತ್ತಿತ್ತು. ದರ 90 ಪೈಸೆ ಆಗುತ್ತಿತ್ತು.

5. ಎಷ್ಟು ದಶಮಾಂಶ ಸ್ಥಾನ ಬೇಕು?

ಈ ಪ್ರಶ್ನೆಗೆ ಊಹೆ ಬೇಡ, ಸೂತ್ರವಿದೆ. ದರವನ್ನು ಎರಡು ದಶಮಾಂಶಕ್ಕೆ ತಂದರೆ ಗರಿಷ್ಠ ತಪ್ಪು 0.005 ರೂ.; ಮೂರಕ್ಕೆ ತಂದರೆ 0.0005, ನಾಲ್ಕಕ್ಕೆ 0.00005. ಇದನ್ನು ಪ್ರಮಾಣದಿಂದ (ಕೆ.ಜಿ., ಸಂಖ್ಯೆ, ಮೀಟರ್) ಗುಣಿಸಿದರೆ ಒಟ್ಟು ಮೊತ್ತದಲ್ಲಿ ಆಗಬಹುದಾದ ಗರಿಷ್ಠ ತಪ್ಪು ದೊರೆಯುತ್ತದೆ.

ಅರಕಲಗೂಡಿನ ಶುಂಠಿ ವ್ಯಾಪಾರಿಯೊಬ್ಬರು 60 ಕೆ.ಜಿ.ಯ 86 ಚೀಲಗಳನ್ನು 1,46,500 ರೂಪಾಯಿಗೆ ಕೊಂಡರೆಂದು ಭಾವಿಸಿ. ಒಟ್ಟು 5,160 ಕೆ.ಜಿ.; ಕೆ.ಜಿ.ಗೆ ಸರಾಸರಿ 28.39147… ರೂ. ವರ್ಷಾಂತ್ಯದಲ್ಲಿ ಅಷ್ಟೂ ಸರಕು ದಾಸ್ತಾನಿನಲ್ಲಿದ್ದರೆ ಅದರ ಮೌಲ್ಯ:

ದರ 28 ರೂ. ಎಂದರೆ: 1,44,480 ರೂ. (2,020 ರೂ. ಕಡಿಮೆ)
ದರ 28.4 ಎಂದರೆ: 1,46,544 ರೂ. (44 ರೂ. ಹೆಚ್ಚು)
ದರ 28.39 ಎಂದರೆ: 1,46,492.40 ರೂ. (7.60 ರೂ. ಕಡಿಮೆ)

ಮೌಲ್ಯ ಒಂದು ರೂಪಾಯಿಯೊಳಗೆ ಸರಿಹೋಗಬೇಕಾದರೆ ಮೂರು ಸ್ಥಾನ ಸಾಲದು, ಏಕೆಂದರೆ 5,160 × 0.0005 = 2.58, ನಾಲ್ಕು ಸ್ಥಾನ ಬೇಕು. ಪ್ರಮಾಣ ಹೆಚ್ಚಿದಷ್ಟೂ ದರದಲ್ಲಿ ಹೆಚ್ಚು ದಶಮಾಂಶ ಸ್ಥಾನ ಬೇಕು ಎಂಬುದೇ ಇದರ ಸಾರ. ಹತ್ತು ಪಂಪ್‌ಸೆಟ್ ಮಾರುವವರಿಗೆ ಪೈಸೆಯ ಚಿಂತೆ ಬೇಡ. ಹತ್ತು ಲಕ್ಷ ಬೋಲ್ಟು ಮಾರುವವರಿಗೆ ಪೈಸೆಯ ಹತ್ತನೆಯ ಒಂದು ಭಾಗವೂ ಸಾವಿರ ರೂಪಾಯಿ.

6. ಕಾನೂನು ಏನು ಹೇಳುತ್ತದೆ?

(ಅ) ಆದಾಯ ತೆರಿಗೆ: 1961ರ ಆದಾಯ ತೆರಿಗೆ ಕಾಯಿದೆಯ 288ಎ ಪ್ರಕರಣದಂತೆ ಒಟ್ಟು ಆದಾಯವನ್ನು ಹತ್ತು ರೂಪಾಯಿಯ ಸಮೀಪದ ಗುಣಕಕ್ಕೆ ತರಬೇಕು. ಮೊದಲು ಪೈಸೆಗಳನ್ನು ಕೈಬಿಡಬೇಕು. ಅನಂತರ ಕೊನೆಯ ಅಂಕಿ ಐದು ಅಥವಾ ಹೆಚ್ಚಾದರೆ ಮೇಲಿನ ಹತ್ತಕ್ಕೆ, ಕಡಿಮೆಯಾದರೆ ಕೆಳಗಿನ ಹತ್ತಕ್ಕೆ. ಪಾವತಿಸಬೇಕಾದ ತೆರಿಗೆ ಮತ್ತು ಮರುಪಾವತಿಗೆ 288ಬಿ ಪ್ರಕರಣ ಇದೇ ಕ್ರಮವನ್ನು ವಿಧಿಸುತ್ತದೆ. 2025ರ ಹೊಸ ಆದಾಯ ತೆರಿಗೆ ಕಾಯಿದೆಯ ಜಾರಿ ದಿನಾಂಕ 2026ರ ಏಪ್ರಿಲ್ 1. ಅದಕ್ಕೆ ಹಿಂದಿನ ವರ್ಷಗಳ ಆದಾಯಕ್ಕೆ 1961ರ ಕಾಯಿದೆಯೇ ಅನ್ವಯ.

‘ಪೈಸೆಗಳನ್ನು ಕೈಬಿಡಬೇಕು’ ಎಂಬ ಮಾತಿನಲ್ಲಿ ಜಾಣ್ಮೆಯಿದೆ. ಆದಾಯ 4,86,344.80 ರೂ. ಎಂದುಕೊಳ್ಳಿ. ಪೈಸೆ ಬಿಟ್ಟರೆ 4,86,344; ಸಮೀಪದ ಹತ್ತು 4,86,340. ಬದಲಿಗೆ ಮೊದಲು ರೂಪಾಯಿಗೆ ಏರಿಸಿ 4,86,345 ಮಾಡಿ ಅನಂತರ ಹತ್ತಕ್ಕೆ ತಂದರೆ 4,86,350 ಆಗಿಬಿಡುತ್ತದೆ. ನಾವು ಮೇಲೆ ಕಂಡ ‘ಎರಡು ಹಂತದ ದೋಷ’ವನ್ನು ಕಾಯಿದೆಯೇ ತಡೆದಿದೆ.

(ಆ) ಸರಕು ಮತ್ತು ಸೇವಾ ತೆರಿಗೆ: 2017ರ ಜುಲೈ 1ರಿಂದ ಜಾರಿಯಲ್ಲಿರುವ ಕೇಂದ್ರ ಜಿ.ಎಸ್.ಟಿ. ಕಾಯಿದೆಯ 170ನೆಯ ಪ್ರಕರಣವು ಪಾವತಿಸಬೇಕಾದ ತೆರಿಗೆ, ಬಡ್ಡಿ, ದಂಡ, ಮರುಪಾವತಿಗಳನ್ನು ಸಮೀಪದ ರೂಪಾಯಿಗೆ ತರಬೇಕೆನ್ನುತ್ತದೆ: 50 ಪೈಸೆ ಅಥವಾ ಹೆಚ್ಚಾದರೆ ಒಂದು ರೂಪಾಯಿ, ಕಡಿಮೆಯಾದರೆ ಬಿಟ್ಟುಬಿಡುವುದು. ಕರ್ನಾಟಕ ಜಿ.ಎಸ್.ಟಿ. ಕಾಯಿದೆಯಲ್ಲೂ ಇದೇ ಪ್ರಕರಣವಿದೆ. ಎರಡೂ ಪ್ರತ್ಯೇಕ ಕಾಯಿದೆಗಳಾದ್ದರಿಂದ ಕೇಂದ್ರ, ರಾಜ್ಯ ತೆರಿಗೆಗಳನ್ನು ಪ್ರತ್ಯೇಕವಾಗಿಯೇ ರೂಪಾಯಿಗೆ ತರಬೇಕು. ಎರಡೂ 4,567.50 ರೂ. ಆಗಿದ್ದರೆ ತಲಾ 4,568, ಒಟ್ಟು 9,136 ರೂ. ಒಟ್ಟುಗೂಡಿಸಿ 9,135 ಎನ್ನುವಂತಿಲ್ಲ.

ಬಿಲ್ಲಿನ ಮಟ್ಟದಲ್ಲಿ ತೆರಿಗೆಯನ್ನು ಪೈಸೆಯವರೆಗೆ ತೋರಿಸಿ, ಬಿಲ್ಲಿನ ಒಟ್ಟು ಮೊತ್ತವನ್ನು ಮಾತ್ರ ರೂಪಾಯಿಗೆ ತರುವುದು ಉತ್ತಮ ಪದ್ಧತಿ. ಉದಾಹರಣೆಗೆ ತೆರಿಗೆಗೊಳಪಡುವ ಮೌಲ್ಯ 1,234.56, ಶೇ. 9ರಂತೆ ಕೇಂದ್ರ ತೆರಿಗೆ 111.11, ರಾಜ್ಯ ತೆರಿಗೆ 111.11, ಒಟ್ಟು 1,456.78. ಗಿರಾಕಿಯಿಂದ ಪಡೆಯುವುದು 1,457. ನಡುವಿನ 22 ಪೈಸೆಯನ್ನು ‘ರೌಂಡ್ ಆಫ್’ ಎಂಬ ಪ್ರತ್ಯೇಕ ಸಾಲಿನಲ್ಲಿ ತೋರಿಸಿ, ಅದೇ ಹೆಸರಿನ ಲೆಡ್ಜರ್ ಖಾತೆಗೆ ಹಾಕಬೇಕು. ತೆರಿಗೆಯ ಅಂಕಿಯನ್ನಾಗಲಿ ಸರಕಿನ ಬೆಲೆಯನ್ನಾಗಲಿ ತಿದ್ದಬಾರದು. ಇ-ಇನ್‌ವಾಯ್ಸ್ ನಮೂನೆಯಲ್ಲಿಯೂ ಇದಕ್ಕೆ ಪ್ರತ್ಯೇಕ ಅಂಕಣವಿದೆ. ಮಾರಿದವರು ಪೈಸೆ ತೋರಿಸಿ, ಕೊಂಡವರು ರೂಪಾಯಿಗೆ ಏರಿಸಿ ಜಮಾ ತೆಗೆದುಕೊಂಡರೆ ಹೂಡುವಳಿ ತೆರಿಗೆಯ ತಾಳೆಯಲ್ಲಿ ತಿಂಗಳು ತಿಂಗಳೂ ವ್ಯತ್ಯಾಸ ಉಳಿಯುತ್ತದೆ.

ತೆರಿಗೆ ಸೇರಿದ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕುವಾಗ ಇನ್ನೊಂದು ಸೂಕ್ಷ್ಮವಿದೆ. ಗರಿಷ್ಠ ಮಾರಾಟ ಬೆಲೆ 100 ರೂ., ತೆರಿಗೆ ಶೇ. 18. 100ನ್ನು 1.18ರಿಂದ ಭಾಗಿಸಿದರೆ 84.75. ಅದರ ಶೇ. 9 ಎಂದರೆ 7.6275, ಅಂದರೆ 7.63. ಮೂರನ್ನೂ ಕೂಡಿದರೆ 100.01! ಮುದ್ರಿತ ಬೆಲೆಗಿಂತ ಒಂದು ಪೈಸೆ ಹೆಚ್ಚು. ಇಲ್ಲಿ ರೌಂಡ್ ಆಫ್ ಸಾಲಿನಲ್ಲಿ ಒಂದು ಪೈಸೆ ಕಳೆದು 100 ಮಾಡಲೇಬೇಕು. ಇದೇ ಸರಕಿನ 12 ಸಾಲುಗಳಿದ್ದರೆ ಸಾಲುವಾರು ತೆರಿಗೆಯ ಮೊತ್ತ 91.56, ಒಟ್ಟು ಮೌಲ್ಯ 1,017ರ ಮೇಲೆ ನೇರವಾಗಿ ಹಾಕಿದರೆ 91.53. ನಿಮ್ಮ ತಂತ್ರಾಂಶ ಯಾವ ಕ್ರಮ ಅನುಸರಿಸುತ್ತಿದೆ ಎಂದು ಒಮ್ಮೆ ಪರೀಕ್ಷಿಸಿ, ವರ್ಷಪೂರ್ತಿ ಒಂದೇ ಕ್ರಮವನ್ನು ಉಳಿಸಿಕೊಳ್ಳಿ.

(ಇ) ಪೊಟ್ಟಣದ ಸರಕುಗಳು: ಕಾನೂನು ಮಾಪನ (ಪೊಟ್ಟಣ ಸರಕುಗಳ) ನಿಯಮಗಳು, 2011ಕ್ಕೆ 2021ರಲ್ಲಿ ಮಾಡಿದ ತಿದ್ದುಪಡಿಯಂತೆ ಪೊಟ್ಟಣದ ಮೇಲೆ ಏಕಮಾನ ಮಾರಾಟ ಬೆಲೆಯನ್ನು ಸಮೀಪದ ಎರಡು ದಶಮಾಂಶ ಸ್ಥಾನಕ್ಕೆ ತಂದು ಮುದ್ರಿಸಬೇಕು, ಒಂದು ಕೆ.ಜಿ.ಗಿಂತ ಕಡಿಮೆಯಿದ್ದರೆ ಗ್ರಾಮಿನ ಲೆಕ್ಕದಲ್ಲಿ. 250 ಗ್ರಾಂ ಕಾಫಿಪುಡಿಗೆ 172 ರೂ. ಆದರೆ ಗ್ರಾಮಿಗೆ 0.688, ಮುದ್ರಿಸಬೇಕಾದದ್ದು 0.69 ರೂ.

(ಈ) ಕಂಪನಿಗಳ ಲೆಕ್ಕಪತ್ರ: 2013ರ ಕಂಪನಿ ಕಾಯಿದೆಯ ಮೂರನೆಯ ಅನುಸೂಚಿಯಂತೆ, ಒಟ್ಟು ಆದಾಯ 100 ಕೋಟಿಗಿಂತ ಕಡಿಮೆಯಿದ್ದರೆ ಬ್ಯಾಲೆನ್ಸ್ ಶೀಟಿನ ಅಂಕಿಗಳನ್ನು ನೂರು, ಸಾವಿರ, ಲಕ್ಷ ಅಥವಾ ಮಿಲಿಯನ್‌ಗಳಲ್ಲಿ ತೋರಿಸಬೇಕು. 2021ರ ಏಪ್ರಿಲ್ 1ರಿಂದ ಇದು ಐಚ್ಛಿಕವಲ್ಲ, ಕಡ್ಡಾಯ. ಒಮ್ಮೆ ಆರಿಸಿದ ಮಾನವನ್ನು ಇಡೀ ಲೆಕ್ಕಪತ್ರದಲ್ಲಿ ಏಕರೂಪವಾಗಿ ಬಳಸಬೇಕು.

7. ರೌಂಡ್ ಆಫ್ ಮಾಡಲೇಬಾರದ ಸಂದರ್ಭಗಳು

ಕಾನೂನಿನ ಮಿತಿಯನ್ನು ಹೋಲಿಸುವಾಗ ಅಂಕಿಯನ್ನು ಮುಟ್ಟಬಾರದು. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ಜಿ.ಎಸ್.ಟಿ. ನೋಂದಣಿಯ ವಹಿವಾಟು ಮಿತಿ ಸಾಮಾನ್ಯವಾಗಿ 40 ಲಕ್ಷ ರೂ. ವಹಿವಾಟು 40,00,400 ಆಗಿದ್ದರೆ ‘ಸುಮಾರು 40 ಲಕ್ಷ’ ಎಂದುಕೊಂಡು ಸುಮ್ಮನಿರುವಂತಿಲ್ಲ, ಮಿತಿ ದಾಟಿದೆ. ದಾಸ್ತಾನಿನ ತೂಕ, ಹಾಲಿನ ಕೊಬ್ಬಿನ ಅಂಶ, ಚಿನ್ನದ ತೂಕ ಇವುಗಳಲ್ಲಿಯೂ ಉಪಕರಣ ತೋರಿದ್ದೇ ದಾಖಲೆಯಾಗಬೇಕು. ಹೊಳೆನರಸೀಪುರದ ಗಿರಣಿಯ ಪ್ರಸಂಗದ ಪಾಠವೂ ಇದೇ.

ಹಂಚಿಕೆಯಲ್ಲಿಯೂ ಎಚ್ಚರ ಬೇಕು. 10,000 ರೂ. ಲಾಭವನ್ನು ಮೂವರು ಪಾಲುದಾರರಿಗೆ ಸಮನಾಗಿ ಹಂಚಿದರೆ ತಲಾ 3,333.33, ಒಟ್ಟು 9,999.99. ಉಳಿದ ಒಂದು ಪೈಸೆಯನ್ನು ಯಾರ ಖಾತೆಗೆ ಹಾಕಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಕೊನೆಯ ಪಾಲನ್ನು ವ್ಯವಕಲನದಿಂದ ಬರೆಯಬೇಕು.

ಗಣಕಯಂತ್ರದಲ್ಲಿ ಎಕ್ಸೆಲ್ ಬಳಸುವವರಿಗೆ ಒಂದು ಮಾತು. ಅಂಕಣವನ್ನು ಎರಡು ದಶಮಾಂಶಕ್ಕೆ ಹೊಂದಿಸಿದರೆ ತೋರಿಕೆ ಮಾತ್ರ ಬದಲಾಗುತ್ತದೆ. ಒಳಗಿನ ಅಂಕಿ ಹಾಗೆಯೇ ಇರುತ್ತದೆ. ಆದ್ದರಿಂದಲೇ 33.33 ಮೂರು ಬಾರಿ ಬಂದು ಕೆಳಗೆ 100.00 ಎಂಬ ಮೊತ್ತ ಕಾಣಿಸಿ ಗಿರಾಕಿ ಪ್ರಶ್ನಿಸುತ್ತಾನೆ. ಬಿಲ್ಲಿನಲ್ಲಿ ಮುದ್ರಣವಾಗುವ ಅಂಕಿಗೆ ರೌಂಡ್ ಸೂತ್ರವನ್ನೇ ಬಳಸಬೇಕು. ಟ್ಯಾಲಿಯಲ್ಲಿ ಸಮೀಪಕ್ಕೆ, ಮೇಲಕ್ಕೆ, ಕೆಳಕ್ಕೆ ಎಂಬ ಮೂರು ಆಯ್ಕೆಗಳಿವೆ. ‘ಮೇಲಕ್ಕೆ’ ಎಂಬುದು ಅರಿವಿಲ್ಲದೆ ಆಯ್ಕೆಯಾಗಿದ್ದರೆ ಪ್ರತಿ ಬಿಲ್ಲಿನಲ್ಲೂ ಗಿರಾಕಿಯಿಂದ ಹೆಚ್ಚು ಪಡೆಯುತ್ತಿರುತ್ತೀರಿ.

8. ಚಿಲ್ಲರೆ ಮತ್ತು ವಿಶ್ವಾಸ

25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡವು. 50 ಪೈಸೆ ಕಾನೂನಿನ ಪ್ರಕಾರ ಇಂದಿಗೂ ಚಲಾವಣೆಯ ನಾಣ್ಯವೇ ಆದರೂ ಅಂಗಡಿಗಳಲ್ಲಿ ಕಾಣುವುದು ಅಪರೂಪ. ಆದ್ದರಿಂದ ನಗದು ವ್ಯಾಪಾರದಲ್ಲಿ ರೂಪಾಯಿಗೆ ತರುವುದು ಅನಿವಾರ್ಯ. ಆದರೆ ಯು.ಪಿ.ಐ. ಮೂಲಕ ಪಾವತಿಯಾಗುವಾಗ ಪೈಸೆಯವರೆಗೆ ಸರಿಯಾಗಿ ಪಡೆಯಲು ಯಾವ ಅಡ್ಡಿಯೂ ಇಲ್ಲ. ನಗದಿನಲ್ಲಿಯೂ ಏರಿದಾಗ ಪಡೆದಂತೆ ಇಳಿದಾಗ ಬಿಡಬೇಕು. ತನಗೆ ಅನುಕೂಲವಾದಾಗ ಏರಿಸಿ, ಅನನುಕೂಲವಾದಾಗ ಚಾಕೊಲೇಟ್ ಕೈಗಿಡುವುದು ರೌಂಡ್ ಆಫ್ ಅಲ್ಲ. ದಿನಕ್ಕೆ 200 ಬಿಲ್ಲುಗಳಲ್ಲಿ ಸರಾಸರಿ 25 ಪೈಸೆ ಹೆಚ್ಚು ಪಡೆದರೆ ದೊರೆಯುವುದು 50 ರೂ. ಅದಕ್ಕಾಗಿ ಕಳೆದುಕೊಳ್ಳುವ ಹೆಸರಿಗೆ ಬೆಲೆ ಕಟ್ಟಲಾಗದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹಿರಿಯರು ಹೇಳಿದ್ದು ವರ್ತಕರನ್ನು ಕಂಡೇ ಇರಬೇಕು.

9. ಸಾರಾಂಶ

(1) ಯಾವ ಸ್ಥಾನದವರೆಗೆ ಎಂಬುದನ್ನು ಮೊದಲು ನಿರ್ಧರಿಸಿ.
(2) ಒಮ್ಮೆ ಮಾತ್ರ, ಕೊನೆಯ ಹಂತದಲ್ಲಿ ಮಾತ್ರ ರೌಂಡ್ ಆಫ್ ಮಾಡಿ.
(3) ಕತ್ತರಿಸಬೇಡಿ, ಸಮೀಪಕ್ಕೆ ತನ್ನಿ.
(4) ಪ್ರಮಾಣ ದೊಡ್ಡದಾದರೆ ದರದಲ್ಲಿ ಹೆಚ್ಚು ದಶಮಾಂಶ ಉಳಿಸಿ.
(5) ತೆರಿಗೆಗೆ ಆಯಾ ಕಾಯಿದೆಯ ಕ್ರಮವನ್ನೇ ಅನುಸರಿಸಿ. ವ್ಯತ್ಯಾಸವನ್ನು ಪ್ರತ್ಯೇಕ ಖಾತೆಯಲ್ಲಿ ತೋರಿಸಿ.
(6) ಕಾನೂನಿನ ಮಿತಿ ಮತ್ತು ದಾಸ್ತಾನಿನ ಅಂಕಿಗಳನ್ನು ಮುಟ್ಟಬೇಡಿ.

‘ರೌಂಡ್ ಆಫ್’ ಖಾತೆಯ ವರ್ಷಾಂತ್ಯದ ಶಿಲ್ಕನ್ನು ಪ್ರತಿಯೊಬ್ಬ ಸದಸ್ಯರೂ ಒಮ್ಮೆ ನೋಡಬೇಕೆಂದು ವಿನಂತಿ. ಕೆಲವೇ ರೂಪಾಯಿಗಳಿದ್ದರೆ ಕ್ರಮ ಸರಿಯಿದೆ. ಸಾವಿರಗಳಲ್ಲಿದ್ದರೆ ಎಲ್ಲೋ ಒಂದು ಕಡೆಗೆ ವಾಲುತ್ತಿದೆ, ಕಾರಣವನ್ನು ಹುಡುಕಿ.

ಅಭ್ಯಾಸಕ್ಕೆ

(ಕ) 6,48,375ನ್ನು ಸಮೀಪದ ನೂರಕ್ಕೆ ಮತ್ತು ಸಾವಿರಕ್ಕೆ ತನ್ನಿ.
(ಖ) 19.9964ನ್ನು ಎರಡು ದಶಮಾಂಶ ಸ್ಥಾನಕ್ಕೆ ತನ್ನಿ.
(ಗ) ಒಟ್ಟು ಆದಾಯ 7,12,894.95 ರೂ.; 288ಎ ಪ್ರಕಾರ ಎಷ್ಟು?
(ಘ) ಕೇಂದ್ರ ಮತ್ತು ರಾಜ್ಯ ಜಿ.ಎಸ್.ಟಿ. ತಲಾ 8,312.49 ರೂ.; ಪಾವತಿಸಬೇಕಾದದ್ದು ಎಷ್ಟು?
(ಚ) 3,400 ಕೆ.ಜಿ. ದಾಸ್ತಾನಿನ ಮೌಲ್ಯದಲ್ಲಿ ತಪ್ಪು 10 ರೂ. ಮೀರಬಾರದು, ದರದಲ್ಲಿ ಎಷ್ಟು ದಶಮಾಂಶ ಸ್ಥಾನ ಬೇಕು?

ಉತ್ತರಗಳು: (ಕ) 6,48,400, 6,48,000. (ಖ) 20.00. (ಗ) 7,12,890 ರೂ. (ಘ) ತಲಾ 8,312 ರೂ., ಒಟ್ಟು 16,624 ರೂ. (ಚ) ಮೂರು, ಎರಡು ಸ್ಥಾನಕ್ಕೆ ಗರಿಷ್ಠ ತಪ್ಪು 17 ರೂ., ಮೂರಕ್ಕೆ 1.70 ರೂ.